ಎಣ್ಣೆಯಡಿಯ ಬೆಳ್ಳುಳ್ಳಿ

ನಾನು ನಿಂತಿದ್ದದ್ದು ದಾವಣಗೆರೆಯ ನಮ್ಮ ತರಬೇತಿ ಕೇಂದ್ರದ ಮಹಡಿಯಲ್ಲಿ, ಅಡುಗೆ ಕೋಣೆಯೊಳಗೆ, ಕಿಟಕಿಯಿಂದ ಎರಡನೆಯ ಒಲೆಯ ಎಡಕ್ಕೆ. ನಾನು ನಿವೃತ್ತನಾಗುವುದಕ್ಕೆ ಆರು ವರ್ಷ ಮೊದಲು, ಸಂಕ್ರಾಂತಿ ಕಳೆದ ಮೇಲಿನ ಮೊದಲ ಮಂಗಳವಾರ. ಹೊತ್ತು ಬೆಳಿಗ್ಗೆ ಹನ್ನೊಂದೂವರೆ ದಾಟಿತ್ತು, ಹನ್ನೆರಡಾಗಿರಲಿಲ್ಲ. ಹನ್ನೆರಡಕ್ಕೆ ಕೆಳಗಿನ ಹೋಟೆಲಿನಿಂದ ಬರುವ ಚಹಾ ಇನ್ನೂ ಬಂದಿರಲಿಲ್ಲ, ಆದ್ದರಿಂದ ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ನನ್ನ ಬಲಗೈಯಲ್ಲಿ ಸ್ಟೀಲಿನ ಸೌಟು ಇತ್ತು. ಎದುರಿಗೆ ತರಬೇತಿಗೆ ಬಂದ ಹದಿನೆಂಟು ಹೆಂಗಸರು ಕೂತಿದ್ದರು. ನಾನು ಒಂದು ಮಾತು ಹೇಳಿದೆ: "ಎಣ್ಣೆ ಮೇಲೆ ನಿಂತಿದ್ರೆ ಸಾಕು, ಏನೂ ಆಗಲ್ಲ."

ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆದರೆ ನಮ್ಮ ಕೆಲಸ ಎಂಥದ್ದೆಂದು ತಿಳಿಯದೆ ಆ ಮಾತಿನ ತೂಕ ತಿಳಿಯುವುದಿಲ್ಲ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ನಮ್ಮದು ಮನೆಯಲ್ಲೇ ಮಾಡಿ ಇಡಬಹುದಾದ ತಿನಿಸುಗಳನ್ನು ಹೆಂಗಸರಿಗೆ ಕಲಿಸುವ ಕೇಂದ್ರ. ಉಪ್ಪಿನಕಾಯಿ, ಜಾಮು, ನಿಂಬೆಹಣ್ಣಿನ ಪಾನಕದ ರಸ, ಟೊಮೆಟೊ ಸಾಸು, ಚಟ್ನಿಪುಡಿ. ಒಂದೂವರೆ ತಿಂಗಳ ತರಗತಿ. ನಾನು ಸೇರಿದಾಗ ಅಲ್ಲಿದ್ದ ಒಬ್ಬನೇ ಗಂಡಸು ಬೋಧಕ ನಾನು. ಮೊದಲ ವಾರ ಹೆಂಗಸರು ನನ್ನ ಕೈ ನೋಡಿ ನಗುತ್ತಿದ್ದರು. ಮಾವಿನಕಾಯಿ ಹೆಚ್ಚುವಾಗ ಓಟೆಯನ್ನು ಸೀಳಲಾರದೆ ಒದ್ದಾಡುತ್ತಿದ್ದೆ. ಒಬ್ಬ ಅಜ್ಜಿ, "ತಮ್ಮಾ, ನೀನು ಬೋರ್ಡಿನ ಮೇಲೆ ಬರಿ, ನಾವು ಹೆಚ್ತೀವಿ" ಎಂದು ಇಳಿಗೆಮಣೆ ಕಸಿದುಕೊಂಡಿದ್ದಳು.

ನನ್ನ ಮೇಲಿದ್ದವರು ಸುಲೋಚನಾ ಮೇಡಂ. ಬಿಳಿ ಸೀರೆ, ಸೆರಗಿಗೆ ಪಿನ್ನು, ಕೈಯಲ್ಲಿ ಯಾವಾಗಲೂ ಒಂದು ಒಣ ಬಟ್ಟೆ. ಅವರು ಗದರಿದ್ದನ್ನು ನಾನು ಕೇಳಿಲ್ಲ, ನಕ್ಕಿದ್ದನ್ನೂ ಹೆಚ್ಚು ಕಂಡಿಲ್ಲ. ನಾನು ಮೊದಲ ಸಲ ಸಾಸು ಮಾಡಿ ಬಾಟಲಿಗೆ ಮುಚ್ಚಳ ಹಾಕುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು.

"ರೀ, ಇದನ್ನ ಕಾಯೋರು ಯಾರು?"

"ಕೋಣೆಗೆ ಬೀಗ ಐತೆ ಮೇಡಂ" ಎಂದೆ.

ಹೆಂಗಸರೆಲ್ಲ ನಕ್ಕರು. ಮೇಡಂ ನಗಲಿಲ್ಲ. "ಬೀಗ ಅಲ್ರಿ. ಒಳಗಿರೋದನ್ನ ಕೆಡದಂಗೆ ಕಾಯೋರು ಯಾರು ಅಂದೆ. ಉಪ್ಪೋ, ಹುಳಿಯೋ, ಸಕ್ಕರೆಯೋ, ಒಣಗಿಸಿದ್ದೋ? ಒಬ್ಬರ ಹೆಸರಾದ್ರೂ ಹೇಳ್ರಿ. ಹೆಸರಿಲ್ಲದ ಬಾಟ್ಲಿ ಈ ಕೋಣೆಯಿಂದ ಹೊರಗೆ ಹೋಗಬಾರದು."

ಅಂದಿನಿಂದ ಅದು ನಮ್ಮ ಕೋಣೆಯ ಪದ್ಧತಿಯಾಯಿತು. ಮುಚ್ಚಳ ಹಾಕುವ ಮೊದಲು ಮೇಡಂ ಕೇಳುವುದು, ಮಾಡಿದವರು ಉತ್ತರ ಹೇಳುವುದು. "ಉಪ್ಪು ಮೇಡಂ." "ಸಕ್ಕರೆ ಮೇಡಂ." ಆಜಾದ್ ನಗರದಿಂದ ಬರುತ್ತಿದ್ದ ಮೆಹರುನ್ನಿಸಾ ಎಂಬ ಹುಡುಗಿಯೊಬ್ಬಳು ಮಾತ್ರ ಖಾರದಪುಡಿಯ ಡಬ್ಬಿ ಹಿಡಿದು, "ಇದನ್ನ ನಮ್ಮತ್ತೆ ಕಾಯ್ತಾರೆ ಮೇಡಂ, ಚಮಚ ಮುಟ್ಟಾಕೂ ಬಿಡಲ್ಲ" ಎಂದಿದ್ದಳು. ಮೇಡಂ ನಕ್ಕದ್ದನ್ನು ನಾನು ಕಂಡ ಕೆಲವೇ ದಿನಗಳಲ್ಲಿ ಅದೊಂದು. ಮೆಹರುನ್ನಿಸಾ ತರಬೇತಿ ಮುಗಿದ ಮೇಲೆ ನಮ್ಮ ಕೇಂದ್ರದಲ್ಲೇ ಸಹಾಯಕಿಯಾಗಿ ಉಳಿದಳು. ನಾನು ನಿವೃತ್ತನಾಗುವವರೆಗೂ ನನ್ನ ಪಕ್ಕದ ಒಲೆ ಅವಳದು.

ಮೇಡಂ ನಿವೃತ್ತರಾದ ಮೇಲೆ ಆ ಪ್ರಶ್ನೆ ಮೆಲ್ಲಗೆ ನಿಂತುಹೋಯಿತು. ಯಾರೂ ನಿಲ್ಲಿಸಲಿಲ್ಲ. ಎಲ್ಲರಿಗೂ ಗೊತ್ತಿದೆ ಎಂದುಕೊಂಡೆ, ಕೇಳುವುದು ಬಿಟ್ಟೆ.

ಆಮೇಲೆ ಫೋನುಗಳು ಬಂದವು. ಹೆಂಗಸರು ಬರುವಾಗಲೇ ಫೋನಿನಲ್ಲಿ ಏನಾದರೊಂದು ಹಿಡಿದು ಬರತೊಡಗಿದರು. "ಮೇಷ್ಟ್ರೇ, ಇದನ್ನ ಕಲಿಸ್ರಿ. ನಿಂಬೆ ಉಪ್ಪಿನಕಾಯಿ ನಮ್ಮವ್ವನೇ ಕಲಿಸ್ಯಾಳೆ." ಅರಬ್ಬರ ಕಡಲೆ ಚಟ್ನಿ, ಮೆಕ್ಸಿಕೋದ ಹಸಿ ಟೊಮೆಟೊ ಚಟ್ನಿ, ಕೊರಿಯಾದ ಕೋಸು, ಚೀನಾದ ಮೆಣಸಿನ ಎಣ್ಣೆ. ನಾನೂ ರಾತ್ರಿ ಕೂತು ನೋಡಿ ಬರೆದುಕೊಳ್ಳುತ್ತಿದ್ದೆ, ಬೆಳಿಗ್ಗೆ ಮಂಡಿಪೇಟೆಯಲ್ಲಿ ಸಿಗುವ ಸಾಮಾನಿನಲ್ಲೇ ಅದನ್ನು ಮಾಡಲು ನೋಡುತ್ತಿದ್ದೆ. ನನ್ನ ಕೆಲಸದ ಅತ್ಯಂತ ಸುಖದ ವರ್ಷಗಳು ಅವು ಎಂದು ಈಗಲೂ ಅನ್ನಿಸುತ್ತದೆ.

ಹಮ್ಮಸ್ ಎಂಬ ಕಡಲೆ ಚಟ್ನಿಗೆ ಕಾಬೂಲಿ ಕಡಲೆ ಬೇಯಿಸಿ, ಹುರಿದ ಬಿಳಿ ಎಳ್ಳು, ಬೆಳ್ಳುಳ್ಳಿ, ನಿಂಬೆರಸ ಹಾಕಿ ರುಬ್ಬಿದೆವು. ಜೊತೆಗೆ ತಿನ್ನಲು ಅವರ ರೊಟ್ಟಿ ಎಲ್ಲಿಂದ ತರುವುದು? ಒಬ್ಬಳು ಡಬ್ಬಿಯಿಂದ ಜೋಳದ ರೊಟ್ಟಿ ತೆಗೆದಳು. ಮುರಿದು ಅದ್ದಿ ತಿಂದು, "ಇದಕ್ಕ ಇಷ್ಟು ದೂರದ ಹೆಸರು ಯಾಕ ಬೇಕಿತ್ತು ಮೇಷ್ಟ್ರೇ, ರೊಟ್ಟಿಗೆ ಮೊದಲೇ ಗೊತ್ತಿದ್ದಂಗೈತೆ" ಎಂದಳು. ಮೆಕ್ಸಿಕೋದ ಚಟ್ನಿಯಂತೂ ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ನಿಂಬೆರಸ, ಅಷ್ಟೇ. ಟೊಮೆಟೊವನ್ನು ಕೆಂಡದ ಮೇಲೆ ಸುಟ್ಟು ಹಾಕಿದರೆ ಅದರ ರುಚಿಯೇ ಬೇರೆ. ಪಾತ್ರೆ ಕೆಳಗಿಡುವುದರೊಳಗೆ ಮೆಹರುನ್ನಿಸಾ ಒಂದು ಸೇರು ಮಂಡಕ್ಕಿ ಸುರಿದು ಕಲಸಿಬಿಟ್ಟಿದ್ದಳು. ಆಮೇಲಿನ ಎಲ್ಲ ತಂಡಗಳಿಗೂ ಅದನ್ನು ಮಂಡಕ್ಕಿಯೊಂದಿಗೇ ಕಲಿಸಿದೆ.

ತಪ್ಪುಗಳೂ ಆದವು. ಕೊರಿಯಾದ ಕೋಸನ್ನು ಉಪ್ಪಿನಲ್ಲಿ ನೆನೆಸಿ, ಬ್ಯಾಡಗಿ ಖಾರ, ಶುಂಠಿ, ಬೆಳ್ಳುಳ್ಳಿ ಸವರಿ ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೂರನೆಯ ದಿನ ಮಾಯಕೊಂಡದ ಶಿಬಿರಕ್ಕೆ ಬಸ್ಸಿನಲ್ಲಿ ಒಯ್ದೆ. ಕೋಸು ಹುಳಿಯುವಾಗ ಗಾಳಿ ಹುಟ್ಟುತ್ತದೆ ಎಂದು ಓದಿದ್ದೆ, ಆದರೆ ಬಸ್ಸಿನ ಬಿಸಿಲು ಲೆಕ್ಕಕ್ಕೆ ಬಂದಿರಲಿಲ್ಲ. ಅರ್ಧ ದಾರಿಯಲ್ಲಿ ಮುಚ್ಚಳ ಹಾರಿತು. ಮುಂದಿನ ಸೀಟಿನ ಹಿರಿಯರ ಬಿಳಿ ಅಂಗಿಯ ಬೆನ್ನು ಕೆಂಪಾಯಿತು. ಅವರು ತಿರುಗಿ ನೋಡಿ, ಬೆರಳಿಗೆ ಹತ್ತಿದ್ದನ್ನು ಮೂಸಿ, "ಉಪ್ಪಿನಕಾಯಿ ಚಲೋ ಐತೆ, ಅಂಗಿ ಹೋತು" ಎಂದರು. ಆ ಕೋಸನ್ನು ಶಿಬಿರದಲ್ಲಿ ಎಲ್ಲರೂ ತಿಂದರು, ಯಾರಿಗೂ ಏನೂ ಆಗಲಿಲ್ಲ. ಅದನ್ನು ಉಪ್ಪೂ ಹುಳಿಯೂ ಕಾಯುತ್ತಿದ್ದವು. ಅದು ಸದ್ದು ಮಾಡುವ ತಪ್ಪು. ಸದ್ದು ಮಾಡುವ ತಪ್ಪುಗಳಿಗೆ ನಾನು ಹೆದರುತ್ತಿದ್ದೆ, ಅವನ್ನೇ ತಿದ್ದಿಕೊಳ್ಳುತ್ತಿದ್ದೆ.

ಈಗ ಆ ಮಂಗಳವಾರಕ್ಕೆ ಬರುತ್ತೇನೆ.

ಅಂದು ಮೆಣಸಿನ ಎಣ್ಣೆಯ ಪಾಠ. ಮೂಲದ ಕ್ರಮದಲ್ಲಿ ಒಣಮೆಣಸಿನ ಚೂರು, ಎಳ್ಳಿನ ಮೇಲೆ ಕಾದ ಎಣ್ಣೆ ಸುರಿಯುತ್ತಾರೆ. ಬೆಳ್ಳುಳ್ಳಿಯನ್ನು ನೀರಿನಂಶ ಪೂರ್ತಿ ಹೋಗಿ ಗರಿಗರಿಯಾಗುವಂತೆ ಕರಿದು ಹಾಕುತ್ತಾರೆ. ಹಿಂದಿನ ತಂಡದವರು, ಕರಿದರೆ ಬೆಳ್ಳುಳ್ಳಿಯ ಘಮ ಹೋಗುತ್ತದೆ ಎಂದಿದ್ದರು. ಅದಕ್ಕೆ ನಾನೇ ಬದಲಾಯಿಸಿದೆ. ಶೇಂಗಾ ಎಣ್ಣೆಯನ್ನು ಕಾಯಿಸಿ ಮೆಣಸಿನ ಚೂರಿನ ಮೇಲೆ ಸುರಿದು, ಬೆರಳು ತಾಳುವಷ್ಟು ಆರಿದ ಮೇಲೆ, ಸುಲಿದು ಜಜ್ಜಿದ ಹಸಿ ಬೆಳ್ಳುಳ್ಳಿಯನ್ನು ಬಿಟ್ಟೆ. ಉಪ್ಪು ಹೆಸರಿಗೆ ಒಂದು ಚಿಟಿಕೆ. ಹುಳಿ ಇಲ್ಲ. ಕೋಣೆ ತುಂಬ ಎದ್ದ ಆ ಪರಿಮಳ ನನಗೆ ಈಗಲೂ ನೆನಪಿದೆ, ಚೆನ್ನಾಗಿತ್ತು.

ಪಕ್ಕದ ಒಲೆಯಿಂದ ಮೆಹರುನ್ನಿಸಾ ಕೇಳಿದಳು, "ಮೇಷ್ಟ್ರೇ, ಉಪ್ಪು ಭಾಳ ಕಮ್ಮಿ ಆತಲ್ಲ? ಇಟ್ರೆ ಇರ್ತೈತಾ?"

ಆಗ ನಾನು ಆ ಮಾತು ಹೇಳಿದೆ. "ಎಣ್ಣೆ ಮೇಲೆ ನಿಂತಿದ್ರೆ ಸಾಕು, ಏನೂ ಆಗಲ್ಲ. ಉಪ್ಪಿನಕಾಯಿ ಇದ್ದಂಗೆ." ಹೇಳಿ ಬೋರ್ಡಿನ ಮೇಲೂ ಬರೆದೆ. ಹೆಂಗಸರು ತಲೆಯಾಡಿಸಿದರು. ಉಪ್ಪಿನಕಾಯಿಯ ಮೇಲೆ ಒಂದು ಬೆರಳು ಎಣ್ಣೆ ನಿಲ್ಲಬೇಕು ಎಂಬುದು ನಮ್ಮ ಕಡೆಯ ಪ್ರತಿ ಮನೆಯಲ್ಲೂ ಗೊತ್ತಿರುವ ಸಂಗತಿ. ಅದರ ಕೆಳಗೆ ಹಿಡಿಗಟ್ಟಲೆ ಉಪ್ಪು ಇರುತ್ತದೆ, ಕಾಯುವುದು ಆ ಉಪ್ಪು, ಹೆಸರು ಬರುವುದು ಎಣ್ಣೆಗೆ. ಇದನ್ನು ನಾನು ಬಲ್ಲೆ. ಅಂದು ನೆನೆಯಲಿಲ್ಲ.

ಎರಡನೆಯ ಸಾಲಿನಲ್ಲಿ, ನನ್ನಿಂದ ಎರಡು ಮಾರು ದೂರದಲ್ಲಿ, ದಾಕ್ಷಾಯಣಿ ಕೂತಿದ್ದಳು. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಮದುವೆಯಾಗಿ ಎರಡು ವರ್ಷವಾಗಿತ್ತು. ನಾನು ಹೇಳಿದ ಪ್ರತಿ ಮಾತನ್ನೂ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಳ್ಳುವವಳು. ತಾನು ಮಾಡಿದ ಬಾಟಲಿಯನ್ನು ಅವಳು ಮನೆಗೆ ಒಯ್ದಳು.

ಮುಂದಿನದನ್ನು ನಾನು ಕಂಡಿಲ್ಲ. ದಾಕ್ಷಾಯಣಿಯಿಂದ ಕೇಳಿದ್ದು. ಅವಳ ಅತ್ತೆ ಗಿರಿಜಮ್ಮ ಮೊದಲು ಬಾಟಲಿ ನೋಡಿ, "ಚೀನಾದವರ ಎಣ್ಣಿ ತಿಂದು ನಾನೇನು ಗೋಡಿ ಕಟ್ಟಬೇಕಾ?" ಎಂದರಂತೆ. ಮರುದಿನ ದೋಸೆಗೆ ಸ್ವಲ್ಪ ಹಚ್ಚಿ ತಿಂದರು. ಮೂರನೆಯ ದಿನ ಬಾಟಲಿ ಅವರ ತಟ್ಟೆಯ ಪಕ್ಕ ಬಂತು. ಆ ವಾರ ಮನೆಯವರೆಲ್ಲ ತಿಂದರು, ಯಾರಿಗೂ ಏನೂ ಆಗಲಿಲ್ಲ. ಅರ್ಧ ಉಳಿಯಿತು. ಗಿರಿಜಮ್ಮ ಅದನ್ನು ಚಿಕ್ಕ ಜಾಡಿಗೆ ಹಾಕಿ, ಮೇಲೆ ಇನ್ನೊಂದು ಬೆರಳು ಎಣ್ಣೆ ಸುರಿದು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಉಪ್ಪಿನಕಾಯಿ ಜಾಡಿಗಳ ಸಾಲಿನಲ್ಲಿ ಇಟ್ಟರು. "ಕಳೀಲಿ ಬಿಡು, ಇನ್ನೂ ರುಚಿ ಆಗ್ತೈತೆ" ಎಂದರು. ನಮ್ಮ ಕಡೆ ಯಾರಾದರೂ ಹಾಗೇ ಮಾಡುತ್ತಿದ್ದರು. ನಾನು ಹೇಳಿದ್ದೂ ಅದನ್ನೇ.

ಇಪ್ಪತ್ತನೆಯ ದಿನದ ಹೊತ್ತಿಗೆ ಅವರು ಜಾಡಿ ಬಿಚ್ಚಿ ಒಬ್ಬರೇ ತಿಂದರು. ಎರಡು ದಿನದ ಮೇಲೆ ಒಂದು ಬೆಳಿಗ್ಗೆ, "ದಾಕ್ಷಿ, ಬಾಗಿಲದಾಗ ಇಬ್ಬರು ಯಾಕ ನಿಂತೀರಿ?" ಎಂದು ಕೇಳಿದರು. ಬಾಗಿಲಲ್ಲಿ ಇದ್ದದ್ದು ದಾಕ್ಷಾಯಣಿ ಒಬ್ಬಳೇ. ಮಧ್ಯಾಹ್ನದೊಳಗೆ ಗಿರಿಜಮ್ಮನ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು, ನೀರು ಗಂಟಲಲ್ಲಿ ಇಳಿಯಲಿಲ್ಲ. ಲಕ್ವಾ ಹೊಡೆದಿದೆ ಎಂದುಕೊಂಡು ದಾವಣಗೆರೆಯ ಆಸ್ಪತ್ರೆಗೆ ತಂದರು. ಸಂಜೆಗೆ ಉಸಿರಾಟದ ಯಂತ್ರ ಹಾಕಿದರು.

ಮರುದಿನ ದಾಕ್ಷಾಯಣಿ ತರಗತಿಗೆ ಬರಲಿಲ್ಲ, ಫೋನು ಮಾಡಿದಳು. ಡಾಕ್ಟರು ಮನೆಯಲ್ಲಿ ಇಟ್ಟ ತಿನಿಸೇನಾದರೂ ತಿಂದರಾ ಎಂದು ಕೇಳುತ್ತಿದ್ದಾರೆ, ಜಾಡಿ ತಂದಿದ್ದೇನೆ, ಬರ್ತೀರಾ ಎಂದಳು. ನಾನೂ ಮೆಹರುನ್ನಿಸಾಳೂ ಹೋದೆವು.

ಡಾಕ್ಟರು ನನ್ನನ್ನು ಕೂರಿಸಿ ನಿಧಾನವಾಗಿ ಕೇಳಿದರು. ಏನು ಹಾಕಿದಿರಿ, ಎಷ್ಟು ಬಿಸಿ, ಉಪ್ಪೆಷ್ಟು, ಹುಳಿಯೆಷ್ಟು. ಎಲ್ಲ ಹೇಳಿದೆ. ಮಣ್ಣಿನಲ್ಲಿರುವ ಒಂದು ಸೂಕ್ಷ್ಮಜೀವಿ ಬೆಳ್ಳುಳ್ಳಿಗೆ ಅಂಟಿ ಬರುತ್ತದೆ ಎಂದರು. ಗಾಳಿ ಇರುವಲ್ಲಿ ಅದು ಸುಮ್ಮನಿರುತ್ತದೆ. ಗಾಳಿ ಇಲ್ಲದ ಕಡೆ, ಉಪ್ಪು ಹುಳಿ ಇಲ್ಲದಿದ್ದರೆ, ಬೆಳೆದು ವಿಷ ಮಾಡುತ್ತದೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿಯೂ ಇಲ್ಲ. "ನೀವು ಮೇಲೆ ನಿಲ್ಲಿಸಿದ ಎಣ್ಣೆ ಗಾಳಿಯನ್ನ ತಡೀತು, ಅಷ್ಟೇ. ಪರೀಕ್ಷೆಗೆ ಕಳಿಸ್ತೀವಿ, ಆದರೆ ನನಗೆ ಹೆಚ್ಚು ಸಂಶಯ ಇಲ್ಲ" ಎಂದರು. ಕೆಲವು ವಾರಗಳ ನಂತರ ಬಂದ ವರದಿಯಲ್ಲಿ ಅದೇ ಇತ್ತು. ನಾನು ಓದಿದ್ದೇನೆ.

ಹೊರಗೆ ಬಂದೆ. ಬೆಂಚಿನ ಮೇಲೆ ದಾಕ್ಷಾಯಣಿ ಕೂತಿದ್ದಳು, ಎದುರಿಗೆ ಗಿರಿಜಮ್ಮನ ತಂಗಿ ನಾಗಮ್ಮ ನಿಂತಿದ್ದರು. ಕುಕ್ಕುವಾಡದಿಂದ ಆಗಷ್ಟೇ ಬಂದಿದ್ದರು, ಕೈಚೀಲ ಇನ್ನೂ ಹೆಗಲಲ್ಲಿತ್ತು.

"ನಿಜ ಹೇಳು. ಆ ದಿನಗಳಾಗ ಜಾಡಿ ಮುಟ್ಟಿದ್ಯಾ ಇಲ್ಲಾ?"

ಆ ಮನೆಯಲ್ಲಿ, ನಮ್ಮ ಕಡೆಯ ಅನೇಕ ಮನೆಗಳಲ್ಲಿ, ತಿಂಗಳ ಮುಟ್ಟಿನ ದಿನಗಳಲ್ಲಿ ಹೆಂಗಸರು ಉಪ್ಪಿನಕಾಯಿ ಜಾಡಿ ಮುಟ್ಟುವುದಿಲ್ಲ. ಮುಟ್ಟಿದರೆ ಬೂಸಲು ಬರುತ್ತದೆ ಎನ್ನುತ್ತಾರೆ.

ದಾಕ್ಷಾಯಣಿ ತಲೆ ಎತ್ತಲಿಲ್ಲ. "ಮುಟ್ಟಿದ್ದೆ ಚಿಕ್ಕತ್ತೆ. ಕಟ್ಟೆ ಒರೆಸಾಕ ಸರಿಸಿದ್ದೆ. ಅಷ್ಟೇ."

"ಅಷ್ಟೇ ಅಂತಾಳೆ" ಎಂದು ನಾಗಮ್ಮ ಗೋಡೆಯ ಕಡೆ ತಿರುಗಿದರು. "ನಮ್ಮಕ್ಕ ಯಂತ್ರದಾಗ ಉಸಿರಾಡ್ತಾಳೆ, ಇವಳು ಅಷ್ಟೇ ಅಂತಾಳೆ."

ನಾನು ಆರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಎಲ್ಲವೂ ಕೇಳಿಸಿತು. ಡಾಕ್ಟರು ಹೇಳಿದ್ದು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ನಾನು ಏನೂ ಹೇಳಲಿಲ್ಲ. ಪರೀಕ್ಷೆಯ ವರದಿ ಬರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಎಚ್ಚರಿಕೆಯಲ್ಲ, ಹೆದರಿಕೆ.

ಕೇಂದ್ರಕ್ಕೆ ಮರಳಿ ನೇರ ಕಪಾಟಿಗೆ ಹೋದೆ. ನಾನು ಅಂದು ಮಾಡಿದ ಬಾಟಲಿ ಅಲ್ಲೇ ಇತ್ತು. ಮುಚ್ಚಳ ತೆಗೆದೆ. ಬೂಸಲಿಲ್ಲ, ಗುಳ್ಳೆಯಿಲ್ಲ, ಕೆಂಪು ಎಣ್ಣೆ ಕನ್ನಡಿಯಂತೆ ನಿಂತಿತ್ತು, ಮೊದಲ ದಿನದ ಅದೇ ಘಮ. ಇಪ್ಪತ್ತೇಳು ವರ್ಷದ ಅಭ್ಯಾಸ, ಯಾವ ಬಾಟಲಿ ತೆರೆದರೂ ಕಿರುಬೆರಳ ತುದಿಯಲ್ಲಿ ನೋಡಿ ನಾಲಿಗೆಗೆ ಹಚ್ಚುವುದು. ಬೆರಳು ಬಾಟಲಿಯ ಬಾಯಿಗೆ ಹೋಗಿತ್ತು. ಮೆಹರುನ್ನಿಸಾ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನ ಕೈ ಮುಟ್ಟಿದ್ದು ಅದೊಂದೇ ಸಲ.

"ಮೇಷ್ಟ್ರೇ," ಎಂದಳು, "ಇದನ್ನ ಕಾಯೋರು ಯಾರು?"

ನಾನು ಬಾಟಲಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತೆ. ಅವಳು ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರಿಗೂ ಫೋನು ಮಾಡತೊಡಗಿದಳು.

ಬಾಟಲಿ ಒಯ್ದ ಎಲ್ಲರ ಮನೆಗೂ ಎರಡು ದಿನದಲ್ಲಿ ಹೋಗಿಬಂದೆವು. ಹೆಚ್ಚಿನವರು ಮೊದಲ ವಾರವೇ ತಿಂದು ಮುಗಿಸಿದ್ದರು. ಉಳಿದಿದ್ದವರು ಕೊಟ್ಟರು. ಕೊಕ್ಕನೂರಿನ ಒಬ್ಬಾಕೆ ಮಾತ್ರ ಬಾಟಲಿಯನ್ನು ಸೆರಗಿನಡಿ ಹಿಡಿದು, "ಕೆಟ್ಟಿಲ್ಲ ಮೇಷ್ಟ್ರೇ, ಮೂಸಿ ನೋಡ್ರಿ, ಘಮ್ ಅಂತೈತೆ. ಮೊನ್ನೆ ಬೀಗರು ಬಂದಾಗ ಬಡಿಸಬೇಕು ಅಂತ ಇಟ್ಟು ಮರ್ತೆ" ಎಂದಳು. ಆಕೆ ಮರೆತದ್ದಕ್ಕೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಎಲ್ಲ ಬಾಟಲಿಗಳನ್ನೂ ಮುಳುಗುವಷ್ಟು ನೀರಿನಲ್ಲಿ ಅರ್ಧ ದಿನ ಕುದಿಸಿ, ಆಮೇಲೆ ಆಳದ ಗುಂಡಿಯಲ್ಲಿ ಹೂತೆವು.

ಮೂರನೆಯ ದಿನ ಮತ್ತೆ ಆಸ್ಪತ್ರೆಗೆ ಹೋಗಿ ನಾಗಮ್ಮನವರ ಮುಂದೆ ನಿಂತೆ. "ಅಮ್ಮಾ, ಅವಳು ಮುಟ್ಟಿದ್ದಕ್ಕೆ ಆಗಿದ್ದಲ್ಲ ಇದು. ನಾನು ತಪ್ಪು ಹೇಳಿಕೊಟ್ಟಿದ್ದೆ" ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಕೂಡ್ರಿ ಮೇಷ್ಟ್ರೇ. ನೀವು ದೊಡ್ಡೋರು, ಹುಡುಗಿ ಮರ್ಯಾದಿ ಉಳಿಸಾಕ ಬಂದೀರಿ. ಹಂಗೆ ನಾಕು ಮಂದಿ ಒಳ್ಳೇರು ಇರಬೇಕು" ಎಂದರು. ತಡವಾಗಿ ಹೇಳಿದ ಸತ್ಯ ಅವರಿಗೆ ಉಪಕಾರದಂತೆ ಕೇಳಿಸಿತು. ಮೊದಲ ದಿನವೇ, ಆ ಆರು ಹೆಜ್ಜೆ ನಡೆದು ಹೇಳಿದ್ದರೆ ನಂಬುತ್ತಿದ್ದರೇನೋ.

ಗಿರಿಜಮ್ಮ ಬದುಕಿದರು. ಯಂತ್ರ ತೆಗೆದದ್ದು ತಿಂಗಳ ಮೇಲೆ. ನುಂಗಲು, ನಡೆಯಲು ಮತ್ತೆ ಕಲಿತರು. ದನಿ ಮೊದಲಿನಂತಾಗಲಿಲ್ಲ, ಈಗಲೂ ಗಾಳಿಯಲ್ಲಿ ಮಾತಾಡಿದಂತೆ. ದಾಕ್ಷಾಯಣಿ ತರಬೇತಿಗೆ ಮರಳಿ ಬರಲಿಲ್ಲ. ನಾನು ಉಳಿದ ಆರು ವರ್ಷವೂ ಮುಚ್ಚಳ ಹಾಕುವ ಮೊದಲು ಮೇಡಂ ಪ್ರಶ್ನೆ ಕೇಳಿದೆ. ಮೆಣಸಿನ ಎಣ್ಣೆಯನ್ನೂ ಕಲಿಸಿದೆ. ಬೆಳ್ಳುಳ್ಳಿಯನ್ನು ಎಲೆಯಂತೆ ತೆಳ್ಳಗೆ ಹೆಚ್ಚಿ, ಮುರಿದರೆ ಸದ್ದಾಗುವಷ್ಟು ಕರಿದು, ಎಣ್ಣೆಯಿಂದ ಬೇರೆಯಾಗಿ ಒಣ ಡಬ್ಬಿಯಲ್ಲಿಡಿ. ಹಸಿ ಬೆಳ್ಳುಳ್ಳಿಯೇ ಬೇಕೆನ್ನುವವರು ಆವತ್ತಿನ ಊಟಕ್ಕೆ ಬೇಕಾದಷ್ಟು ಮಾತ್ರ ಮಾಡಿ, ಉಳಿದರೆ ಚೆಲ್ಲಿ. ಇದನ್ನು ಓದುವ ಹೊಸಬರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು.

ನಿವೃತ್ತನಾದ ಮೇಲೆ ಒಮ್ಮೆ ಹರಿಹರದ ಆ ಮನೆಗೆ ಹೋಗಿದ್ದೆ. ಮಾವಿನಕಾಯಿಯ ಕಾಲ. ಗಿರಿಜಮ್ಮ ಒಳಗೆ ಜಾಡಿ ತುಂಬುತ್ತಿದ್ದರು, ದಾಕ್ಷಾಯಣಿ ಅಡುಗೆಮನೆಯ ಹೊಸ್ತಿಲಾಚೆ ನಿಂತು ಖಾರದ ತಟ್ಟೆ ಚಾಚುತ್ತಿದ್ದಳು. ಯಾವ ದಿನವಾದರೂ ಸರಿ, ಅವಳು ಜಾಡಿ ಮುಟ್ಟುತ್ತಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲವಂತೆ. ತನ್ನ ಕೈಯಿಂದಲೇ ಆಯಿತೆಂದು ಅವಳೇ ನಂಬಿದ್ದಳು. ಅಂದು ಬಸ್ಸಿನಲ್ಲಿ ಮರಳುವಾಗ ಇದನ್ನು ಬರೆಯಬೇಕೆಂದು ನಿಶ್ಚಯಿಸಿದೆ.

ಬರೆದು, ಹೋದ ಭಾನುವಾರ, ಮೆಹರುನ್ನಿಸಾಳನ್ನು ಕರೆದುಕೊಂಡು ಮತ್ತೆ ಹೋದೆ. ನಾಗಮ್ಮನೂ ಬಂದಿದ್ದರು. ಪಡಸಾಲೆಯಲ್ಲಿ ಕೂತು, ಇಲ್ಲಿಯವರೆಗಿನ ಎಲ್ಲವನ್ನೂ ಓದಿದೆ. ಮುಗಿದ ಮೇಲೆ ಗಿರಿಜಮ್ಮ ಆ ತೆಳ್ಳನೆಯ ದನಿಯಲ್ಲಿ, "ನೋಟ್‌ಬುಕ್ ಐತೇನು?" ಎಂದರು.

ದಾಕ್ಷಾಯಣಿ ಪೆಟ್ಟಿಗೆಯ ತಳದಿಂದ ತಂದಳು. ಎಸೆದಿರಲಿಲ್ಲ. ಗಿರಿಜಮ್ಮ ಕನ್ನಡಕ ಹಾಕಿಕೊಂಡು ಪುಟ ಹುಡುಕಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಎಣ್ಣೆ ಮೇಲೆ ನಿಂತಿದ್ದರೆ ಸಾಕು. ದುಂಡಗಿನ ಅಕ್ಷರ, ಕೆಳಗೆ ಎರಡು ಗೆರೆ.

"ಬರೆದಂಗ ಮಾಡ್ಯಾಳೆ" ಎಂದರು. ಆಮೇಲೆ ನಾಗಮ್ಮನ ಕಡೆ ನೋಡಿ, "ಮೇಲೆ ಎಣ್ಣಿ ಸುರಿದು ಕಳೀಲಿ ಅಂತ ಇಟ್ಟಾಕಿ ನಾನು. ಅದನ್ನ ಯಾರೂ ಕೇಳ್ಲಿಲ್ಲ."

ನಾಗಮ್ಮ ಸೆರಗಿನ ತುದಿ ಸುತ್ತುತ್ತಿದ್ದರು.

"ದಾಕ್ಷಿ, ಈ ವರ್ಷದ ಮಾವಿನಕಾಯಿ ಜಾಡಿ ಇಳಿಸು. ಮೇಷ್ಟ್ರಿಗೆ, ಈ ಅಮ್ಮಂಗೆ ಸ್ವಲ್ಪ ಹಾಕಿ ಕೊಡು."

ದಾಕ್ಷಾಯಣಿ ಏಳಲಿಲ್ಲ. "ಅತ್ತೆ, ಇವತ್ತು..." ಎಂದು ನಿಲ್ಲಿಸಿದಳು.

"ಗೊತ್ತೈತೆ. ಇಳಿಸು."

ಅವಳು ಒಳಗೆ ಹೋದಳು. ಕೈ ತೊಳೆದು ಒಣ ಬಟ್ಟೆಯಲ್ಲಿ ಒರೆಸಿಕೊಂಡಳು, ನಾವು ಕಲಿಸಿದಂತೆ, ಬೆರಳಿನ ಸಂದುಗಳನ್ನೂ. ಮೇಲಿನ ಹಲಗೆಯಿಂದ ದೊಡ್ಡ ಜಾಡಿಯನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಇಳಿಸಿದಳು, ಅದರ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು, ಸೌಟು ಹಾಕಿದಳು.

ಆ ಮಂಗಳವಾರ ನಾನು ಹೇಳಿದ ಮಾತನ್ನು ಕೇಳಿದವರಲ್ಲಿ ಇಬ್ಬರು: ಮೆಹರುನ್ನಿಸಾ, ಆಜಾದ್ ನಗರದಲ್ಲಿದ್ದಾಳೆ. ದಾಕ್ಷಾಯಣಿ, ಹರಿಹರದಲ್ಲಿದ್ದಾಳೆ. ಸುಲೋಚನಾ ಮೇಡಂ ಅದನ್ನು ಕೇಳಲಿಲ್ಲ, ಈಗ ಇಲ್ಲ. ಹೋದ ಭಾನುವಾರ ಜಾಡಿ ಇಳಿದದ್ದನ್ನು ನನ್ನ ಜೊತೆ ಕಂಡವರು: ಮೆಹರುನ್ನಿಸಾ, ಮತ್ತು ಗಿರಿಜಮ್ಮ, ಗೋಡೆ ಹಿಡಿದು ಅಡುಗೆಮನೆಯ ಬಾಗಿಲವರೆಗೆ ಎದ್ದು ಬಂದಿದ್ದರು. ನಾಗಮ್ಮನೂ ಕಂಡಿದ್ದಾರೆ. ಕೇಳಿದರೆ, ಆಗ ತಾನು ಬೀದಿ ಕಡೆ ನೋಡುತ್ತಿದ್ದೆ ಎನ್ನಬಹುದು. ನೋಡುತ್ತಿರಲಿಲ್ಲ. ಬಡಿಸಿದ ಉಪ್ಪಿನಕಾಯಿಯನ್ನು ಅವರೂ ತಿಂದರು.